ಮಕ್ಕಳ ಕರುಳು ಮತ್ತು ಮನಸ್ಸಿನ ಗೀಳು



ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಕನ್ನಡ ಶಿಕ್ಷಕನಾದವನು ವಚನಕಾರರನ್ನು ಕುರಿತೋ ಮಾತೃಭಾಷೆಯ ಮಹತ್ವವನ್ನು ಕುರಿತೋ ನಾಲ್ಕು ಪುಟ ಬರೆದುಕೊಡುವುದು ರೂಢಿ. ನಾನೂ ಹಲವು ವರ್ಷ ಹಾಗೆಯೇ ಬರೆದಿದ್ದೇನೆ. ಈ ವರ್ಷ ಮಾತ್ರ ನಾಲ್ಕು ಜನರ ನಡುವೆ ಆಡಲು ನಾವೆಲ್ಲ ನಾಚುವ ಒಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಮಕ್ಕಳಿಗೆ ಬಹಿರ್ದೆಸೆ ಸರಿಯಾಗಿ ಆಗದಿರುವುದು, ಮೇಲಿಂದ ಮೇಲೆ ಹೊಟ್ಟೆ ನೋಯುವುದು, ಗೊತ್ತಿಲ್ಲದೆ ಚಡ್ಡಿ ಹೊಲಸಾಗುವುದು, ಇವು ಒಂದು ಬಗೆಯ ಕಷ್ಟಗಳು. ತೊಳೆದ ಕೈಯನ್ನೇ ತೊಳೆಯುವುದು, ಹಾಕಿದ ಕೀಲಿಯನ್ನೇ ಮತ್ತೆ ಮತ್ತೆ ಜಗ್ಗಿ ನೋಡುವುದು, ಬರೆದ ಅಕ್ಷರವನ್ನೇ ಅಳಿಸಿ ಬರೆಯುವುದು, ಇವು ಇನ್ನೊಂದು ಬಗೆಯವು. ಮೊದಲನೆಯದು ಕರುಳಿನ ಬೇನೆ, ಎರಡನೆಯದು ವೈದ್ಯರು ಗೀಳು ರೋಗವೆಂದು ಕರೆಯುವ ಮನಸ್ಸಿನ ಬೇನೆ. ಇವೆರಡರ ಬಗೆಗೂ ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ವೈದ್ಯರು ಬಹಳ ಕೆಲಸ ಮಾಡಿದ್ದಾರೆ. ಆ ಕೆಲಸದ ಸುದ್ದಿ ನಮ್ಮ ಮನೆಗಳಿಗೂ ತರಗತಿಗಳಿಗೂ ಇನ್ನೂ ಬಂದು ಮುಟ್ಟಿಲ್ಲ. ಮುಟ್ಟದೆ ಇದ್ದುದರಿಂದ ನನ್ನ ಕೈಯಿಂದಲೇ ಎರಡು ತಪ್ಪುಗಳು ನಡೆದವು. ಅವನ್ನು ಮೊದಲು ಹೇಳಿಬಿಡುತ್ತೇನೆ.

ಹನ್ನೆರಡು ವರ್ಷಗಳ ಹಿಂದಿನ ಮಾತು. ನಾನು ಆಗ ಬೇರೊಂದು ಶಾಲೆಯಲ್ಲಿದ್ದೆ. ಐದನೆಯ ಇಯತ್ತೆಯ ಒಬ್ಬ ಹುಡುಗ ಪಾಠದ ನಡುವೆ ಎದ್ದು ನಿಂತು, "ಸರ್, ಎರಡಕ್ಕ ಹೋಗಬೇಕ್ರಿ" ಎಂದ. ನಾನು, "ಸುಟ್ಟಿ ಬಿಟ್ಟಾಗ ಏನ್ ಮಾಡತಿದ್ದಿ? ಕೂಡು" ಎಂದೆ. ಅವನು ಕೂತ. ಸ್ವಲ್ಪ ಹೊತ್ತಿಗೆ ಅವನ ಸುತ್ತಲಿನ ಹುಡುಗರು ಮೂಗು ಮುಚ್ಚಿಕೊಂಡು ನಗತೊಡಗಿದರು. ಅಂದು ಸಂಜೆಯೊಳಗೆ ಅವನಿಗೊಂದು ಅಡ್ಡಹೆಸರು ಬಿತ್ತು. ಎಂಟು ದಿನ ಅವನು ಶಾಲೆಯ ಕಡೆ ಸುಳಿಯಲಿಲ್ಲ. ಒಂಬತ್ತನೆಯ ದಿನ ತಂದೆ ರೆಟ್ಟೆ ಹಿಡಿದು ಕರೆತಂದು, "ಗುರುಗಳ, ಇದು ಬರೇ ಸಾಲಿ ತಪ್ಪಸೂ ಆಟ ಐತ್ರಿ. ಎರಡು ಬಿಗೀರಿ, ಸರಿ ಆಗ್ತಾನ" ಎಂದರು. ಅವರು ಕೆಟ್ಟ ಮನುಷ್ಯರಲ್ಲ. ಮಗ ನಾಲ್ಕಕ್ಷರ ಕಲಿಯಲೆಂದು ಹೊಲದ ಕೆಲಸ ಬಿಟ್ಟು ಬಂದಿದ್ದರು. ನಾನೂ ಕೆಟ್ಟವನಲ್ಲವೆಂದೇ ನಂಬಿದ್ದೆ. ಆದರೂ ಆ ಹುಡುಗನ ಪಾಲಿಗೆ ನಾವಿಬ್ಬರೂ ಕೂಡಿ ಏನಾದೆವೆಂಬುದನ್ನು ನೆನೆದರೆ ಈಗಲೂ ಮುಖ ಸಣ್ಣದಾಗುತ್ತದೆ.

ಮುಂದೆ ಸೊಲ್ಲಾಪುರದಲ್ಲಿ ಮಕ್ಕಳ ಡಾಕ್ಟರೊಬ್ಬರು ಆ ಹುಡುಗನ ಹೊಟ್ಟೆಯನ್ನು ಮುಟ್ಟಿ ನೋಡಿದರಂತೆ. ಒಳಗೆ ಕಲ್ಲಿನಂತೆ ಗಟ್ಟಿಯಾದ ಮಲ ತುಂಬಿಕೊಂಡಿತ್ತು. ತಂದೆ ತಾಯಿ ಅದನ್ನು ಭೇದಿ ಎಂದು ತಿಳಿದು ಭೇದಿ ನಿಲ್ಲುವ ಔಷಧವನ್ನೇ ಕೊಡುತ್ತ ಬಂದಿದ್ದರು. ಇದು ಹೇಗೆ ಸಾಧ್ಯವೆಂದು ನನಗೆ ಆಗ ಅರ್ಥವಾಗಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದುಕೊಂಡೆ.

ಅದು ಹೀಗೆ. ಒಮ್ಮೆ ಯಾವುದೋ ಕಾರಣಕ್ಕೆ ಮಲ ಗಟ್ಟಿಯಾಗಿ ಹೋಗುವಾಗ ಮಗುವಿಗೆ ನೋವಾಗುತ್ತದೆ. ಜ್ವರ ಬಂದಿರಬಹುದು, ಊರಿಗೆ ಹೋಗಿರಬಹುದು, ಶಾಲೆಯ ಸಂಡಾಸಕ್ಕೆ ಹೋಗಲು ಅಂಜಿ ತಡೆದುಕೊಂಡಿರಬಹುದು. ನೋವಿಗೆ ಹೆದರಿದ ಮಗು ಮುಂದಿನ ಸಲ ಕಾಲು ಬಿಗಿಹಿಡಿದು ತಡೆಯುತ್ತದೆ. ತಡೆದಷ್ಟೂ ಕರುಳು ಮಲದೊಳಗಿನ ನೀರನ್ನು ಹೀರಿಕೊಳ್ಳುತ್ತದೆ. ಮಲ ಇನ್ನೂ ಗಟ್ಟಿಯಾಗುತ್ತದೆ, ಮುಂದಿನ ಸಲ ನೋವು ಇನ್ನೂ ಹೆಚ್ಚಾಗುತ್ತದೆ. ಗಾಣದ ಎತ್ತಿನಂತೆ ಇದು ಸುತ್ತುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಹೀಗಾದರೆ ಕರುಳಿನ ಕೊನೆಯ ಭಾಗ ಹಿಗ್ಗಿ ಸಡಿಲವಾಗುತ್ತದೆ. ಹಿಗ್ಗಿದ ಕರುಳಿಗೆ ತುಂಬಿದ ಅರಿವೇ ಕಡಿಮೆಯಾಗುತ್ತದೆ. ಆಗ ಮೇಲಿನಿಂದ ಬಂದ ನೀರುಮಲ ಗಟ್ಟಿಮಲದ ಬದಿಯಿಂದ ಜಿನುಗಿ ಹೊರಬರುತ್ತದೆ. ಮಗುವಿಗೆ ಅದು ತಿಳಿಯುವುದೇ ಇಲ್ಲ. ನಾವು ಅದಕ್ಕೆ ಕೊಬ್ಬು ಎನ್ನುತ್ತೇವೆ, ಸೋಮಾರಿತನ ಎನ್ನುತ್ತೇವೆ, "ಇಷ್ಟು ದೊಡ್ಡಾಂವ ಆಗಿ ನಾಚಿಕಿ ಇಲ್ಲೇನು" ಎನ್ನುತ್ತೇವೆ. ತುಂಬಿದ ಕರುಳು ಪಕ್ಕದ ಮೂತ್ರಚೀಲವನ್ನು ಒತ್ತುವುದರಿಂದ ಕೆಲವು ಮಕ್ಕಳು ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದೂ ಉಂಟು. ಅದಕ್ಕೂ ಅವರು ಪೆಟ್ಟು ತಿನ್ನುತ್ತಾರೆ.

ಇದು ಎಲ್ಲೋ ಒಬ್ಬರಿಗೆ ಬರುವ ಬೇನೆಯಲ್ಲ. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರು ನೂರು ಮಕ್ಕಳಲ್ಲಿ ಸುಮಾರು ಹತ್ತು ಮಕ್ಕಳಿಗೆ ಈ ಬಗೆಯ ಮಲಬದ್ಧತೆ ಇರುತ್ತದೆಂದು ಹೇಳುತ್ತಾರೆ. 400 ಮಕ್ಕಳ ಶಾಲೆಯೆಂದರೆ 40 ಮಕ್ಕಳಾಯಿತು. ಇದನ್ನು ಗುರುತಿಸಲು ಎಲ್ಲ ದೇಶಗಳ ವೈದ್ಯರಿಗೂ ಒಂದೇ ಅಳತೆಗೋಲು ಬೇಕೆಂದು ತಜ್ಞರು ರೋಮ್ ಸೂತ್ರಗಳೆಂಬ ಲಕ್ಷಣಗಳ ಪಟ್ಟಿಯನ್ನು ಮಾಡಿದ್ದಾರೆ. ಅದರ ನಾಲ್ಕನೆಯ ಆವೃತ್ತಿ 2016ರಲ್ಲಿ ಬಂತು. ವಾರಕ್ಕೆ ಎರಡು ಸಲವೋ ಅದಕ್ಕಿಂತ ಕಡಿಮೆಯೋ ಬಹಿರ್ದೆಸೆಯಾಗುವುದು, ತಡೆಹಿಡಿಯುವುದು, ನೋವು, ವಾರಕ್ಕೊಮ್ಮೆಯಾದರೂ ಬಟ್ಟೆ ಕೆಡುವುದು ಮುಂತಾದ ಲಕ್ಷಣಗಳಲ್ಲಿ ಎರಡು ಒಂದು ತಿಂಗಳು ಕಂಡುಬಂದರೆ ವೈದ್ಯರು ಅದನ್ನು ಬೇನೆಯೆಂದು ಎಣಿಸುತ್ತಾರೆ. ಆ ಪಟ್ಟಿಯಲ್ಲಿ ಮಗುವಿನ ಸ್ವಭಾವ ಕೆಟ್ಟದ್ದು ಎಂಬ ಲಕ್ಷಣ ಎಲ್ಲಿಯೂ ಇಲ್ಲ.

ಚಿಕಿತ್ಸೆಯೂ ದೊಡ್ಡ ರಹಸ್ಯವೇನಲ್ಲ. ಮೊದಲು ಒಳಗೆ ಕಟ್ಟಿಕೊಂಡದ್ದನ್ನು ಔಷಧದಿಂದ ತೆಗೆಯಬೇಕು. ಆಮೇಲೆ ಮಲ ಮೆತ್ತಗಿರುವಂತೆ ಮಾಡುವ ಔಷಧವನ್ನು ತಿಂಗಳುಗಟ್ಟಲೆ ಕೊಡಬೇಕು. 2014ರಲ್ಲಿ ಯುರೋಪು ಮತ್ತು ಉತ್ತರ ಅಮೆರಿಕೆಗಳ ಮಕ್ಕಳ ಕರುಳುರೋಗ ತಜ್ಞರ ಸಂಘಗಳು ಕೂಡಿ ಮಾಡಿದ ಶಿಫಾರಸಿನಲ್ಲಿ ಮ್ಯಾಕ್ರೊಗೋಲ್ ಎಂಬ ಪುಡಿಗೆ ಮೊದಲ ಸ್ಥಾನ ಕೊಟ್ಟಿದ್ದಾರೆ. ಇದರ ಜೊತೆಗೆ ಊಟವಾದ ಮೇಲೆ ಐದು ಹತ್ತು ನಿಮಿಷ ಅವಸರವಿಲ್ಲದೆ ಕೂಡಿಸುವ ಅಭ್ಯಾಸ ಬೇಕು. ಉಂಡ ಮೇಲೆ ಕರುಳು ತಾನಾಗಿಯೇ ಚಲಿಸುತ್ತದೆ, ಆ ಹೊತ್ತನ್ನು ಹಿಡಿಯುವುದು ಜಾಣತನ. 1996ರಲ್ಲಿ ಹಾಲೆಂಡಿನ ವೈದ್ಯರು ಇನ್ನೊಂದು ಪ್ರಯೋಗ ಮಾಡಿದರು. ಗುದದ ಸ್ನಾಯುಗಳಿಗೆ ಯಂತ್ರದ ಸಹಾಯದಿಂದ ತರಬೇತಿ ಕೊಡುವ ಹೊಸ ವಿಧಾನ ಆಗ ಬಂದಿತ್ತು. ಸುಮಾರು 200 ಮಕ್ಕಳಲ್ಲಿ ಕೆಲವರಿಗೆ ಬರಿಯ ಔಷಧ ಮತ್ತು ಅಭ್ಯಾಸ, ಉಳಿದವರಿಗೆ ಅದರೊಂದಿಗೆ ಯಂತ್ರದ ತರಬೇತಿ. ಕೊನೆಗೆ ನೋಡಿದರೆ ಯಂತ್ರದಿಂದ ಹೆಚ್ಚಿನ ಲಾಭವೇನೂ ಆಗಿರಲಿಲ್ಲ. ಹೊಸದೆಲ್ಲ ಒಳ್ಳೆಯದಲ್ಲ ಎಂದು ಹೇಳುವ ಧೈರ್ಯ ಸಂಶೋಧನೆಗೆ ಇರುತ್ತದೆ ಎಂಬುದಕ್ಕೆ ಇದನ್ನು ಹೇಳಿದೆ.

ನಮ್ಮ ಕಡೆಯ ಹಿರಿಯರು ಇದಕ್ಕೆಲ್ಲ ಆಹಾರವೇ ಮದ್ದು ಎನ್ನುತ್ತಾರೆ. ಜೋಳದ ರೊಟ್ಟಿ, ಪುಂಡಿಪಲ್ಯ, ಮೊಳಕೆ ಕಾಳು ಉಣ್ಣುವ ಮಗುವಿಗೆ ಬಿಸ್ಕೀಟು ಚಹದ ಮೇಲೆ ಬೆಳೆಯುವ ಮಗುವಿಗಿಂತ ಇದು ಕಡಿಮೆ ಕಾಡೀತು. ಆದರೆ ಕರುಳು ಒಮ್ಮೆ ಹಿಗ್ಗಿಹೋದ ಮೇಲೆ ಬರಿಯ ರೊಟ್ಟಿ ಪಲ್ಯದಿಂದ ಅದು ಸರಿಹೋಗುವುದಿಲ್ಲ. ಔಡಲೆಣ್ಣೆ ಕುಡಿಸಿ ಒಂದು ದಿನ ಹೊಟ್ಟೆ ತೊಳೆದು ಬಿಟ್ಟರೂ ಆಗದು. ಔಷಧ ಶುರುಮಾಡಿ ಎಂಟು ದಿನಕ್ಕೆ ನಿಲ್ಲಿಸುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. 2010ರಲ್ಲಿ ಪ್ರಕಟವಾದ ಇನ್ನೊಂದು ಡಚ್ ಅಧ್ಯಯನ 400ಕ್ಕೂ ಹೆಚ್ಚು ಮಕ್ಕಳನ್ನು ಅವರು ದೊಡ್ಡವರಾಗುವವರೆಗೆ ಹಿಂಬಾಲಿಸಿ ನೋಡಿತು. ನಾಲ್ವರಲ್ಲಿ ಒಬ್ಬರಿಗೆ ಪ್ರಾಯಕ್ಕೆ ಬಂದ ಮೇಲೂ ತೊಂದರೆ ಉಳಿದಿತ್ತು. ಬೇನೆ ಶುರುವಾದ ಮೇಲೆ ವೈದ್ಯರ ಬಳಿಗೆ ಬರಲು ಯಾರು ಹೆಚ್ಚು ತಡ ಮಾಡಿದ್ದರೋ ಅವರಿಗೆ ಹೀಗಾಗುವ ಸಂಭವ ಹೆಚ್ಚು. ಆ ತಡಕ್ಕೆ ಕಾರಣ ಎಷ್ಟೋ ಸಲ ನಮ್ಮ ನಾಚಿಕೆಯೇ ಎಂಬುದು ನನ್ನ ಅಭಿಪ್ರಾಯ.

ಹೊಟ್ಟೆನೋವಿನ ಮಾತೂ ಇದೇ ಸಾಲಿನದು. ಪರೀಕ್ಷೆಯ ದಿನ ಹೊಟ್ಟೆನೋವು ಎಂದರೆ ನಾವು ಶಿಕ್ಷಕರು ನಗುತ್ತೇವೆ. 1958ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜಾನ್ ಆಪ್ಲಿ ಮತ್ತು ನೋರಾ ನೈಶ್ ಎಂಬ ವೈದ್ಯರು 1,000 ಶಾಲಾಮಕ್ಕಳನ್ನು ವಿಚಾರಿಸಿ, ಹತ್ತರಲ್ಲಿ ಒಬ್ಬರಿಗೆ ಮರುಕಳಿಸುವ ಹೊಟ್ಟೆನೋವು ಇರುವುದನ್ನು ಕಂಡರು. ಅಂಥವರಲ್ಲಿ ಬಹುಮಂದಿಗೆ ಒಳಗೆ ಹುಣ್ಣೋ ಗಂಟೋ ಇರುವುದಿಲ್ಲ. ಹುಣ್ಣಿಲ್ಲವೆಂದರೆ ನೋವೂ ಇಲ್ಲವೆಂದು ನಾವು ತೀರ್ಮಾನಿಸುತ್ತೇವೆ. ಇದು ತಪ್ಪು ತರ್ಕ. ಕರುಳಿಗೂ ಮೆದುಳಿಗೂ ನರಗಳ ಮೂಲಕ ಸದಾ ಸಂದೇಶ ಓಡಾಡುತ್ತಿರುತ್ತದೆ. ಕೆಲವರಲ್ಲಿ ಈ ತಂತಿ ಅತಿ ಸೂಕ್ಷ್ಮವಾಗಿದ್ದು, ಬೇರೆಯವರಿಗೆ ಗೊತ್ತೇ ಆಗದ ಕರುಳಿನ ಚಲನೆ ಇವರಿಗೆ ನೋವಾಗಿ ಮುಟ್ಟುತ್ತದೆ. ಅಂಜಿಕೆ ಆ ನೋವನ್ನು ಹೆಚ್ಚಿಸುತ್ತದೆ. 2007ರಲ್ಲಿ ಹಾಲೆಂಡಿನಲ್ಲಿ ಇಂಥ 53 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂದಿನ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಸಮ್ಮೋಹನ ವಿಧಾನದ ಮೂಲಕ ಕರುಳನ್ನು ಶಾಂತಗೊಳಿಸಿಕೊಳ್ಳುವ ಅಭ್ಯಾಸವನ್ನೂ ಕೊಟ್ಟರು. ವರ್ಷದ ಬಳಿಕ ಮೊದಲ ಗುಂಪಿನಲ್ಲಿ ಶೇಕಡಾ 25, ಎರಡನೆಯದರಲ್ಲಿ ಶೇಕಡಾ 85 ಮಕ್ಕಳು ಗುಣವಾಗಿದ್ದರು. ಮನಸ್ಸನ್ನು ಪಳಗಿಸಿದರೆ ನೋವು ಇಳಿಯುತ್ತದೆಂದಾದರೆ ನೋವು ಸುಳ್ಳೆಂದು ಅರ್ಥವಲ್ಲ. ತಂತಿಗೆ ಎರಡು ತುದಿಗಳಿವೆ ಎಂದು ಅರ್ಥ.

ಪಾಲಕರು ಒಂದು ಎಚ್ಚರ ವಹಿಸಬೇಕು. ಮಲದಲ್ಲಿ ರಕ್ತ, ತೂಕ ಇಳಿಯುವುದು, ಬಿಡದ ಜ್ವರ, ಹಸಿರು ವಾಂತಿ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಬೆಳವಣಿಗೆ ನಿಲ್ಲುವುದು, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಕರುಳಿನ ಕ್ಷಯವೂ ಇನ್ನಿತರ ಬೇನೆಗಳೂ ಹೀಗೆಯೇ ತೋರುತ್ತವೆ.

ಈಗ ಎರಡನೆಯ ತಪ್ಪಿನ ಮಾತು. ಒಂಬತ್ತನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು. ಮುತ್ತು ಪೋಣಿಸಿದಂಥ ಅಕ್ಷರ. ಅವಳ ವಹಿಯನ್ನು ನಾನು ಇಡೀ ತರಗತಿಗೆ ತೋರಿಸಿ, "ನೋಡ್ರಿ, ಬರೆಯೋದಂದ್ರ ಹಿಂಗ" ಎಂದು ಹೊಗಳುತ್ತಿದ್ದೆ. ಪರೀಕ್ಷೆಯಲ್ಲಿ ಮಾತ್ರ ಅವಳು ಅರ್ಧ ಪ್ರಶ್ನೆಗಳನ್ನೇ ಬಿಡಿಸುತ್ತಿದ್ದಳು. ಬುದ್ಧಿವಂತೆಯಾಗಿದ್ದೂ ಹೀಗೇಕೆ ಎಂದು ಗದರಿಸಿದೆ. ಒಂದು ದಿನ ಮೇಲ್ವಿಚಾರಣೆಗೆ ನಿಂತಾಗ ಗಮನಿಸಿದರೆ, ಒಂದು ಸಾಲು ಬರೆಯುವುದು, ನೋಡುವುದು, ಅದರಲ್ಲೊಂದು ಒತ್ತಕ್ಷರ ಸರಿಬಂದಿಲ್ಲವೆಂದು ಅಳಿಸುವುದು, ಮತ್ತೆ ಬರೆಯುವುದು. ಕಾಗದ ಹರಿಯುವವರೆಗೆ ಇದೇ. ಕಣ್ಣಲ್ಲಿ ನೀರು. ಅವಳ ಬೆರಳುಗಳ ಸಂದುಗಳು ಸೋಡಾದಲ್ಲಿ ಅದ್ದಿದಂತೆ ಬಿರಿದಿದ್ದವು. ತಾಯಿಯನ್ನು ಕರೆಸಿ ಕೇಳಿದೆ. "ನಮ್ಮ ಹುಡುಗಿ ಭಾಳ ಅಚ್ಚುಕಟ್ಟ ರೀ ಸರ. ತಾಸಗಟ್ಲೆ ಕೈ ತೊಳೀತಾಳ. ನಾವೂ ನೀರು ಹಾಕಿ ಹಾಕಿ ಸಾಕಾಗೇವ್ರಿ" ಎಂದರು. ನಾನು ಹೊಗಳಿ ಬೆಳೆಸಿದ್ದು ಗುಣವನ್ನಲ್ಲ, ಬೇನೆಯನ್ನು.

ಗೀಳೆಂಬ ಮಾತನ್ನು ನಾವು ಹಗುರಾಗಿ ಬಳಸುತ್ತೇವೆ. ಕ್ರಿಕೆಟ್ ಗೀಳು, ಸಿನಿಮಾ ಗೀಳು ಎನ್ನುತ್ತೇವೆ. ಅವುಗಳಲ್ಲಿ ಸುಖವಿದೆ. ಈ ರೋಗದಲ್ಲಿ ಸುಖವಿಲ್ಲ. ಬೇಡವೆಂದರೂ ಒಂದು ವಿಚಾರ ತಲೆಯೊಳಗೆ ನುಗ್ಗುತ್ತದೆ: ಕೈಯಲ್ಲಿ ಹೊಲಸಿದೆ, ಇದರಿಂದ ಅವ್ವ ಸಾಯುತ್ತಾಳೆ. ಅದು ಸುಳ್ಳೆಂದು ಮಗುವಿಗೂ ಬಹುಮಟ್ಟಿಗೆ ಗೊತ್ತು. ಆದರೂ ಎದೆ ಹೊಡೆದುಕೊಳ್ಳುತ್ತದೆ. ತೊಳೆದರೆ ಎರಡು ನಿಮಿಷ ಸಮಾಧಾನ. ಮತ್ತೆ ಅದೇ ವಿಚಾರ. ನಮ್ಮ ಅಜ್ಜಿ ಬಹಳ ಮಡಿವಂತೆ. ಒದ್ದೆಸೀರೆಯುಟ್ಟು, ಯಾರನ್ನೂ ಮುಟ್ಟದೆ, ಅಡಿಗೆ ಪೂಜೆ ಮುಗಿಸುತ್ತಿದ್ದಳು. ಆ ಹುಡುಗಿಯ ವಿಷಯ ತಿಳಿದಾಗ ನನಗೆ ಅಜ್ಜಿಯೇ ನೆನಪಾದಳು. ಅಜ್ಜಿಗೂ ಇದೇ ಬೇನೆಯಿತ್ತೇ? ಇಲ್ಲವೆಂದು ತೋರುತ್ತದೆ. ಅಜ್ಜಿಯ ಮಡಿಗೆ ಒಂದು ಆರಂಭ, ಒಂದು ಮುಕ್ತಾಯವಿತ್ತು. ನೈವೇದ್ಯವಾದ ಮೇಲೆ ನಗುತ್ತ ನಮ್ಮನ್ನು ತೊಡೆಯ ಮೇಲೆ ಕೂಡಿಸಿಕೊಳ್ಳುತ್ತಿದ್ದಳು. ಈ ಹುಡುಗಿಯ ಮಡಿಗೆ ಮುಕ್ತಾಯವೇ ಇರಲಿಲ್ಲ. ಮಡಿಯ ಆಚಾರ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಆದರೆ ಮಡಿ ಮೈಲಿಗೆಯ ಮಾತು ಹಗಲಿರುಳು ನಡೆಯುವ ಮನೆಯಲ್ಲಿ ಈ ಬೇನೆ ಬಹಳ ಕಾಲ ಗುಣದ ವೇಷ ಹಾಕಿಕೊಂಡು ಕೂತಿರಬಲ್ಲದು. 2020ರ ಕೊರೋನಾ ಕಾಲದಲ್ಲಿ ಕೈತೊಳೆಯುವ ಪಾಠವನ್ನು ನಾವೇ ಹೇಳಿಕೊಟ್ಟೆವು. ಆಗಲೂ ಇಂಥ ಮಕ್ಕಳು ಎಲ್ಲರ ನಡುವೆ ಮರೆಯಾದರು.

ಮಕ್ಕಳಿಗೆ ಈ ರೋಗ ಬರುವುದೇ ಅಪರೂಪವೆಂದು ಹಿಂದೆ ವೈದ್ಯರೂ ತಿಳಿದಿದ್ದರು. ಅಮೆರಿಕೆಯ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಜುಡಿತ್ ರಾಪೊಪೋರ್ಟ್ ಮತ್ತು ಅವರ ಸಂಗಡಿಗರು ಈ ತಿಳಿವಳಿಕೆಯನ್ನು ಬದಲಿಸಿದರು. 1985ರಲ್ಲಿ ಅವರು ಕ್ಲೋಮಿಪ್ರಮೀನ್ ಎಂಬ ಔಷಧ ಮಕ್ಕಳಲ್ಲಿಯೂ ಕೆಲಸ ಮಾಡುತ್ತದೆಂದು ತೋರಿಸಿದರು. 1988ರಲ್ಲಿ ಹೊರಬಂದ ಇನ್ನೊಂದು ಅಧ್ಯಯನದಲ್ಲಿ ಐದು ಸಾವಿರಕ್ಕೂ ಹೆಚ್ಚು ಹೈಸ್ಕೂಲು ವಿದ್ಯಾರ್ಥಿಗಳನ್ನು ತಪಾಸಣೆ ಮಾಡಿದಾಗ, ರೋಗವಿದ್ದ ಮಕ್ಕಳಲ್ಲಿ ಹೆಚ್ಚಿನವರು ಯಾವ ಚಿಕಿತ್ಸೆಯನ್ನೂ ಪಡೆದಿರಲಿಲ್ಲವೆಂದು ಗೊತ್ತಾಯಿತು. ಮಕ್ಕಳು ಇದನ್ನು ಮುಚ್ಚಿಡುತ್ತಾರೆ. ತಮಗೆ ಹುಚ್ಚು ಹಿಡಿದಿದೆಯೆಂದು ಜನ ಅಂದಾರೆಂಬ ಭಯ ಅವರಿಗೆ. ನೂರಕ್ಕೆ ಒಂದೆರಡು ಮಕ್ಕಳಿಗೆ ಈ ರೋಗವಿರುತ್ತದೆಂಬುದು ಈಗಿನ ಅಂದಾಜು.

ಚಿಕಿತ್ಸೆಯ ವಿಷಯದಲ್ಲಿ 2004ರ ಒಂದು ಪ್ರಯೋಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಮೆರಿಕೆಯ ಡ್ಯೂಕ್, ಪೆನ್ಸಿಲ್ವೇನಿಯಾ, ಬ್ರೌನ್ ಈ ಮೂರು ವಿಶ್ವವಿದ್ಯಾಲಯಗಳವರು ಕೂಡಿ 7ರಿಂದ 17 ವರ್ಷದ 112 ಮಕ್ಕಳನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪು ಮಾಡಿದರು. ಒಂದಕ್ಕೆ ವರ್ತನೆಯ ಅಭ್ಯಾಸದ ಚಿಕಿತ್ಸೆ, ಒಂದಕ್ಕೆ ಸರ್ಟ್ರಲೀನ್ ಎಂಬ ಔಷಧ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಔಷಧದಂತೆ ತೋರುವ ಬರಿಯ ಹುಸಿಗುಳಿಗೆ. 12 ವಾರಗಳ ಬಳಿಕ ರೋಗ ಬಹುತೇಕ ಇಳಿದವರು ಹುಸಿಗುಳಿಗೆಯ ಗುಂಪಿನಲ್ಲಿ ಶೇಕಡಾ 4ಕ್ಕಿಂತ ಕಡಿಮೆ, ಔಷಧ ಒಂದರಿಂದಲೇ ಶೇಕಡಾ 21, ಅಭ್ಯಾಸದಿಂದ ಶೇಕಡಾ 39, ಎರಡೂ ಕೂಡಿದಾಗ ಶೇಕಡಾ 54. ಹುಸಿಗುಳಿಗೆಯ ಅಂಕಿಯನ್ನು ನೋಡಿರಿ. "ದೊಡ್ಡವಳಾದ್ರ ತಾನ ಹೋಗ್ತದ" ಎಂದು ಕಾಯುವವರು ಅದನ್ನು ನೆನಪಿಡಬೇಕು.

ಆ ಅಭ್ಯಾಸವೆಂದರೇನು? ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಎಂಬವರು 1966ರಲ್ಲಿ ತೋರಿಸಿಕೊಟ್ಟ ದಾರಿಯದು. ಯಾವುದನ್ನು ಮುಟ್ಟಲು ಭಯವೋ ಅದನ್ನು ಮುಟ್ಟಿ, ಆಮೇಲೆ ಕೈ ತೊಳೆಯದೆ ಇರುವುದು. ಭಯ ಏರುತ್ತದೆ, ಏರಿದ್ದು ತಾನಾಗಿಯೇ ಇಳಿಯುತ್ತದೆ. ತೊಳೆಯದಿದ್ದರೂ ಏನೂ ಆಗಲಿಲ್ಲವೆಂಬುದನ್ನು ಬುದ್ಧಿಯಲ್ಲ, ಮೈ ಕಲಿಯುತ್ತದೆ. ಮಕ್ಕಳಿಗೆ ಇದನ್ನು ಮೆಟ್ಟಿಲು ಮೆಟ್ಟಿಲಾಗಿ, ಅವರ ಒಪ್ಪಿಗೆಯಿಂದ, ಬಲ್ಲವರ ಕೈಯಲ್ಲಿ ಮಾಡಿಸುತ್ತಾರೆ. ಬಚ್ಚಲಿನ ನಳ ಬಂದ್ ಮಾಡಿ ಬೈಯುವುದು ಇದಲ್ಲ. ಹಾಗೆಂದು ಮಗು ಕೇಳಿದಾಗಲೆಲ್ಲ ನೀರು ಹಾಕುವುದು, "ಹೊಲಸಿಲ್ಲ ಮಗಳ, ಹೊಲಸಿಲ್ಲ" ಎಂದು ದಿನಕ್ಕೆ ನೂರು ಸಲ ಹೇಳುವುದು, ಇವೂ ರೋಗಕ್ಕೆ ಗೊಬ್ಬರ ಹಾಕಿದಂತೆ. ಅದು ಪ್ರೀತಿಯಿಂದಲೇ ಆಗುವ ತಪ್ಪಾದುದರಿಂದ ಬಿಡಿಸುವುದು ಕಷ್ಟ.

ಈ ಕೆಲಸವೆಲ್ಲ ಪರದೇಶದ್ದಷ್ಟೇ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಗೀಳು ರೋಗಕ್ಕೆಂದೇ ಒಂದು ಚಿಕಿತ್ಸಾಲಯವಿದೆ. ಅಲ್ಲಿಯ ವೈದ್ಯರು ನಮ್ಮ ದೇಶದ ಮಕ್ಕಳಲ್ಲಿ ಈ ರೋಗ ಹೇಗೆ ಕಾಣಿಸಿಕೊಳ್ಳುತ್ತದೆಂದು 2000ದ ಸುಮಾರಿಗೇ ಬರೆದಿದ್ದಾರೆ. ಚಿಕಿತ್ಸೆ ಪಡೆದ ಮಕ್ಕಳನ್ನು ವರ್ಷಗಳ ಬಳಿಕ ಹುಡುಕಿ ನೋಡಿದಾಗ ಹೆಚ್ಚಿನವರ ಸ್ಥಿತಿ ಚೆನ್ನಾಗಿ ಸುಧಾರಿಸಿತ್ತು.

ಕರುಳಿಗೂ ಗೀಳಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಈ ಸಂಬಂಧದ ಕಥೆ ಹಳೆಯದು, ಮತ್ತು ಅದರಲ್ಲಿ ತಾಯಂದಿರಿಗೆ ಅನ್ಯಾಯವಾಗಿದೆ. ಬಿ.ಎಡ್. ತರಗತಿಯಲ್ಲಿ ನಮಗೆ ಫ್ರಾಯ್ಡನ ಪಾಠವಿತ್ತು. 1908ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಅವನು, ಅತಿ ಅಚ್ಚುಕಟ್ಟು, ಜಿಪುಣತನ, ಹಟ ಈ ಮೂರು ಗುಣಗಳನ್ನು ಮಗುವಿನ ಮಲವಿಸರ್ಜನೆಯ ಕಾಲದ ಅನುಭವಗಳಿಗೆ ಗಂಟುಹಾಕಿದ. ಅಲ್ಲಿಂದ ಮುಂದೆ, ಶೌಚದ ಶಿಸ್ತನ್ನು ಕಟುವಾಗಿ ಕಲಿಸಿದ ತಾಯಿಯೇ ಗೀಳಿಗೆ ಕಾರಣಳೆಂಬ ಮಾತು ಬೆಳೆಯಿತು. ನಾನೂ ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಗುಣ ಗಳಿಸಿದ್ದೇನೆ. ಮುಂದಿನ ಸಂಶೋಧನೆ ಇದಕ್ಕೆ ಆಧಾರ ಕೊಡಲಿಲ್ಲ. ರೋಗ ಮನೆತನದಲ್ಲಿ ಹರಿದು ಬರುವುದುಂಟೆಂದು ಅವಳಿಮಕ್ಕಳ ಅಧ್ಯಯನಗಳು ತೋರಿಸಿದವು. 1992ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡವರ ಮೇಲೆ ನಡೆದ ಅಧ್ಯಯನವೊಂದು, ಗುಣಮುಖರಾದವರ ಮೆದುಳಿನ ಒಂದು ನಿರ್ದಿಷ್ಟ ಭಾಗದ ಚಟುವಟಿಕೆ ಇಳಿಯುವುದನ್ನು ಚಿತ್ರ ಹಿಡಿದು ತೋರಿಸಿತು. ಔಷಧದಿಂದ ಗುಣವಾದರೂ ಅಭ್ಯಾಸದಿಂದ ಗುಣವಾದರೂ ಬದಲಾವಣೆ ಅಲ್ಲಿಯೇ. ತಾಯಂದಿರೇ, ನೀವು ಶೌಚ ಕಲಿಸಿದ ರೀತಿಯಿಂದ ಮಗುವಿಗೆ ಗೀಳು ಬರಲಿಲ್ಲ.

ಈಗ ಸಂಬಂಧದ ಇನ್ನೊಂದು ಕಥೆ ಬಂದಿದೆ, ಕರುಳಿನೊಳಗಿನ ಸೂಕ್ಷ್ಮಜೀವಿಗಳದ್ದು. ಅವು ಮೆದುಳಿನ ಮೇಲೂ ಪರಿಣಾಮ ಮಾಡುತ್ತವೆಯೇ ಎಂದು ಹುಡುಕುತ್ತಿದ್ದಾರೆ. ಹುಡುಕಾಟ ಒಳ್ಳೆಯದೇ. ಆದರೆ ಮಕ್ಕಳ ಗೀಳನ್ನು ಡಬ್ಬಿಯ ಮೊಸರಿನಿಂದಲೋ ಗುಳಿಗೆಯ ಜೀವಾಣುಗಳಿಂದಲೋ ಗುಣಪಡಿಸಬಹುದೆಂದು ಹೇಳುವಷ್ಟು ಆಧಾರ ಸಿಕ್ಕಿಲ್ಲ. ಹಾಗೆ ಮಾರುವವರನ್ನು ನಂಬಬೇಡಿರಿ. 1998ರಲ್ಲಿ ಸೂಸನ್ ಸ್ವೀಡೊ ಮತ್ತು ಸಂಗಡಿಗರು 50 ಮಕ್ಕಳ ಬಗ್ಗೆ ಬರೆದು, ಗಂಟಲಿನ ಸ್ಟ್ರೆಪ್ಟೋಕಾಕಸ್ ಸೋಂಕಿನ ಬಳಿಕ ಕೆಲವು ಮಕ್ಕಳಲ್ಲಿ ಗೀಳು ಹಠಾತ್ತನೆ ಕಾಣಿಸುತ್ತದೆಂದರು. ಅದರ ಮೇಲೂ ವಾದ ಇಂದಿಗೂ ಮುಗಿದಿಲ್ಲ. ರಾತ್ರಿ ಬೆಳಗಾಗುವುದರೊಳಗೆ ಮಗು ಬದಲಾದರೆ ಡಾಕ್ಟರಿಗೆ ಗಂಟಲುಬೇನೆಯ ವಿಷಯವನ್ನೂ ಹೇಳಿರಿ. ತಾವೇ ಅಂಗಡಿಯಿಂದ ಔಷಧ ತಂದು ಕೊಡಬೇಡಿರಿ.

ನನಗೆ ಕಾಣುವ ಸಂಬಂಧ ಇವೆರಡಕ್ಕಿಂತ ಸರಳವಾದದ್ದು. ಹೊಲಸಿನ ಭಯವಿರುವ ಮಗು ಶಾಲೆಯ ಸಂಡಾಸಿನ ಬಾಗಿಲನ್ನೇ ಮುಟ್ಟಲಾರದು. ಬೆಳಿಗ್ಗೆಯಿಂದ ಸಂಜೆಯವರೆಗೆ ತಡೆಹಿಡಿಯುತ್ತದೆ. ತಡೆಹಿಡಿದದ್ದು ಮಲಬದ್ಧತೆಯಾಗುತ್ತದೆ, ಬಟ್ಟೆ ಕೆಡುತ್ತದೆ. ಬಟ್ಟೆ ಕೆಟ್ಟರೆ ಹೊಲಸಿನ ಭಯ ನೂರ್ಮಡಿಯಾಗುತ್ತದೆ. ಇದರ ತಿರುವೂ ಉಂಟು. ಕರುಳು ಪೂರ್ತಿ ಖಾಲಿಯಾಗದ ಮಗು ಸಂಡಾಸಿನಲ್ಲಿ ತಾಸುಗಟ್ಟಲೆ ಕೂಡುತ್ತದೆ, ಪದೇ ಪದೇ ತೊಳೆದುಕೊಳ್ಳುತ್ತದೆ. ಅದನ್ನು ಕಂಡು ಗೀಳೆನ್ನಬಾರದು, ಮೊದಲು ಹೊಟ್ಟೆ ಮುಟ್ಟಿ ನೋಡಬೇಕು. ಎರಡರಲ್ಲಿಯೂ ಮಗು ಸುಮ್ಮನಿರುತ್ತದೆ. ಎರಡರಲ್ಲಿಯೂ ನಾವು ಸ್ವಭಾವದೋಷವೆಂದು ಬೈಯುತ್ತೇವೆ.

ಗಡಿನಾಡಿನ ನಮಗೆ ಇನ್ನೊಂದು ತೊಡಕಿದೆ. ನಮ್ಮ ಮಕ್ಕಳು ಕನ್ನಡದಲ್ಲಿ ನೋಯುತ್ತಾರೆ, ಮರಾಠಿಯಲ್ಲಿ ಡಾಕ್ಟರಿಗೆ ಹೇಳಬೇಕಾಗುತ್ತದೆ. ನಾನು ಎರಡೂ ಭಾಷೆಗಳಲ್ಲಿ ಕಲಿತವನು. ಮರಾಠಿಯಲ್ಲಿ ಭಾಷಣ ಮಾಡಬಲ್ಲೆ. ಆದರೆ ಚಿಕ್ಕಂದಿನಲ್ಲಿ ಹೊಟ್ಟೆ ತೊಳಸಿದಂತಾಗುತ್ತದೆ ಎಂಬುದನ್ನು ಮರಾಠಿಯಲ್ಲಿ ಹೇಳಲು ತಿಳಿಯದೆ, ಡಾಕ್ಟರು ಕೇಳಿದ್ದಕ್ಕೆಲ್ಲ "ಹೋ" ಎಂದು ತಲೆಯಾಡಿಸಿ ಬಂದದ್ದು ನೆನಪಿದೆ. ಹೊಟ್ಟೆಯ ಮಾತೇ ಹೀಗಾದರೆ, ತಲೆಯೊಳಗೆ ನುಗ್ಗುವ ಬೇಡದ ವಿಚಾರಗಳನ್ನು ಇನ್ನೊಂದು ಭಾಷೆಯಲ್ಲಿ ಹನ್ನೆರಡು ವರ್ಷದ ಮಗು ಹೇಗೆ ಬಿಚ್ಚಿಟ್ಟೀತು? ಆದುದರಿಂದ ದವಾಖಾನೆಗೆ ಹೋಗುವ ಮೊದಲು ಮಗುವನ್ನು ಕೂಡಿಸಿಕೊಂಡು ಕನ್ನಡದಲ್ಲಿಯೇ ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ: ವಾರಕ್ಕೆಷ್ಟು ಸಲ ಹೊರಗೆ ಹೋಗುತ್ತದೆ, ಯಾವಾಗ ನೋಯುತ್ತದೆ, ದಿನಕ್ಕೆಷ್ಟು ಹೊತ್ತು ತೊಳೆಯುತ್ತದೆ, ಏನೆಂದು ಅಂಜುತ್ತದೆ. ಮರಾಠಿಗೆ ತಿರುಗಿಸಿಕೊಡಲು ನಾನಿದ್ದೇನೆ. ಚೀಟಿಯ ವಿಷಯ ನನ್ನಿಂದಾಚೆ ಹೋಗುವುದಿಲ್ಲ. ಸೊಲ್ಲಾಪುರದಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಿದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸಂಸ್ಥೆ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರದಲ್ಲಿ ಕೇಂದ್ರ ಸರಕಾರ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿದೆ. 14416 ಸಂಖ್ಯೆಗೆ ಹಣವಿಲ್ಲದೆ ಮಾತನಾಡಬಹುದು, ಭಾಷೆ ಆರಿಸಿಕೊಳ್ಳುವ ಸೌಕರ್ಯವೂ ಇದೆ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ನಿಮ್ಮ ಪಕ್ಕದವನ ಬಟ್ಟೆ ಕೆಟ್ಟರೆ ಅಡ್ಡಹೆಸರಿಡಬೇಡಿರಿ, ನನಗೆ ಬಂದು ಹೇಳಿರಿ. ನಿಮಗೇ ಈ ಬಗೆಯ ಕಷ್ಟವಿದ್ದರೆ, ನೀವೊಬ್ಬರೇ ಅಲ್ಲ. ಮೇಲಿನ ಅಂಕಿಗಳನ್ನು ಅದಕ್ಕಾಗಿಯೇ ಕೊಟ್ಟಿದ್ದೇನೆ.

ಆ ಹುಡುಗಿ ಎರಡು ವರ್ಷ ಚಿಕಿತ್ಸೆ ಪಡೆದು, ಒಂದು ವರ್ಷ ತಡವಾಗಿ ಹತ್ತನೆಯ ಇಯತ್ತೆ ಪಾಸಾದಳು. ಹುಡುಗನ ಸುದ್ದಿ ನನಗೆ ತಿಳಿಯದು. ಆರನೆಯ ಇಯತ್ತೆಯ ನಡುವೆ ಶಾಲೆ ಬಿಟ್ಟ. ಅವನ ತರುವಾಯ ನನ್ನ ತರಗತಿಯಲ್ಲಿ ಯಾರೂ ಹೊರಗೆ ಹೋಗಲು ಎದ್ದು ನಿಂತು ಕೇಳಬೇಕಾಗಿಲ್ಲ. ಬಾಗಿಲ ಬಳಿಯ ಮೊಳೆಗೆ ಒಂದು ಕಟ್ಟಿಗೆಯ ಬಿಲ್ಲೆ ತೂಗುಹಾಕಿದೆ. ಅದನ್ನು ಹಿಡಿದು ಹೋಗುವುದು, ಬಂದು ಮತ್ತೆ ತೂಗುಹಾಕುವುದು. ಮಕ್ಕಳು ಇದರ ದುರುಪಯೋಗ ಮಾಡುತ್ತಾರೆಂದು ಸಹೋದ್ಯೋಗಿಗಳು ಹೇಳಿದ್ದರು. ಮೊದಲ ವಾರ ಮಾಡಿದರು, ಆಮೇಲೆ ಬೇಸರಬಂದು ಬಿಟ್ಟರು.

ಆದರೆ ಬಿಲ್ಲೆ ಹಿಡಿದು ಹೋಗಲು ಹೋಗತಕ್ಕ ಜಾಗ ಬೇಕಷ್ಟೆ. ನಮ್ಮ ಶಾಲೆಯ ಹೆಣ್ಣುಮಕ್ಕಳ ಸಂಡಾಸಿಗೆ ಎರಡು ಬಾಗಿಲುಗಳಲ್ಲಿ ಒಳಚಿಲಕವಿಲ್ಲ. ಮಧ್ಯಾಹ್ನದ ಮೇಲೆ ನಳಕ್ಕೆ ನೀರು ಬರುವುದಿಲ್ಲ. ಪಾಲಕರ ಸಭೆಯಲ್ಲಿ ನಾವು ಫಲಿತಾಂಶದ ಮಾತನ್ನೇ ಎರಡು ತಾಸು ಆಡುತ್ತೇವೆ. ಜೂನಿನಲ್ಲಿ ಶಾಲೆ ತೆರೆಯುವ ಮುಂಚಿನ ಸಭೆಯಲ್ಲಿ ಈ ಚಿಲಕಗಳ ಮತ್ತು ಒಂದು ನೀರಿನ ಟಾಕಿಯ ವಿಷಯವನ್ನು ಮೊದಲು ತೆಗೆದುಕೊಳ್ಳಬೇಕೆಂದು ಮುಖ್ಯಾಧ್ಯಾಪಕರಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ಅಂದು ತಂದೆಯರಷ್ಟೇ ಅಲ್ಲ, ತಾಯಂದಿರೂ ಬರಬೇಕು.